ಜಾಂಬಿ ಸಿನಿಮಾ ಯಾಕೆ ಹಿಡಿಸಲಿಲ್ಲ? ಕಾರಣ ಹುಡುಕಿ ಬರೆಯುವ ಬಗೆ

ದುಡ್ಡು ಕೊಟ್ಟು ನೋಡಿದ ಜಾಂಬಿ ಸಿನಿಮಾ ಸಪ್ಪೆಯಾದರೆ ಹೆಚ್ಚಿನವರು ‘ಮೇಕಪ್ ಕಳಪೆ, ಗ್ರಾಫಿಕ್ಸ್ ಕಳಪೆ’ ಎಂದು ಬರೆದು ಮುಗಿಸುತ್ತಾರೆ. ಭಯ ಕೈಕೊಡುವುದು ಬಹಳ ಸಲ ಬೇರೆ ಕಡೆ: ಸಿನಿಮಾ ತಾನೇ ಹಾಕಿಕೊಂಡ ನಿಯಮವನ್ನು ತಾನೇ ಮುರಿದಾಗ. ಆ ಜಾಗವನ್ನು ಬೆರಳಿಟ್ಟು ತೋರಿಸಿದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ನೋಡಿದ ರಾತ್ರಿಯೇ, ಬೇರೆಯವರ ವಿಮರ್ಶೆ ಓದುವ ಮೊದಲು, ಒಂದು ಹಾಳೆಯಲ್ಲಿ ನಾಲ್ಕು ಪ್ರಶ್ನೆ ಬರೆದುಕೊಳ್ಳಿ. ಸೋಂಕು ಹೇಗೆ ಹರಡುತ್ತದೆ? ಕಚ್ಚಿಸಿಕೊಂಡವರು ಎಷ್ಟು ಹೊತ್ತಿಗೆ ಬದಲಾಗುತ್ತಾರೆ? ಜಾಂಬಿಗಳು ನಡೆಯುತ್ತವೋ, ಓಡುತ್ತವೋ? ಏನು ಮಾಡಿದರೆ ಬೀಳುತ್ತವೆ? ಇವುಗಳ ಉತ್ತರಗಳೇ ಆ ಸಿನಿಮಾದ ನಿಯಮಗಳು. ಪ್ರತಿ ಉತ್ತರದ ಪಕ್ಕ ಅದು ನಿಮಗೆ ಗೊತ್ತಾದ ದೃಶ್ಯವನ್ನೂ ಅದನ್ನು ಮುರಿದ ದೃಶ್ಯವನ್ನೂ ಗುರುತು ಹಾಕಿ. ಥಿಯೇಟರಿನಲ್ಲಿ ನೋಡಿದ್ದರೆ ಇಂಟರ್ವಲ್‌ಗೆ ಮುಂಚೆಯೋ ಆಮೇಲೋ ಎಂದಷ್ಟೇ ಬರೆದರೂ ಸಾಕು.

ಸಿನಿಮಾಗಳು ಹೆಚ್ಚಾಗಿ ಎಡವುವುದು ಎರಡನೇ ಪ್ರಶ್ನೆಯಲ್ಲಿ. ಒಟಿಟಿಗೆ ಬಂದ ಮೇಲೆ ಕಚ್ಚುವ ದೃಶ್ಯಗಳನ್ನಷ್ಟೇ ಫೋನಿನ ಸ್ಟಾಪ್‌ವಾಚ್ ಇಟ್ಟುಕೊಂಡು ಮತ್ತೆ ನೋಡಿ. ಉದಾಹರಣೆಗೆ, ಒಬ್ಬ ಪೊಲೀಸ್ ಪೇದೆ 15 ಸೆಕೆಂಡಿನಲ್ಲಿ ಬದಲಾಗುತ್ತಾನೆ. ನಾಯಕನ ಅಣ್ಣನಿಗೆ ಮಾತ್ರ 20 ನಿಮಿಷ ಸಿಗುತ್ತದೆ, ಅವನು ಅಮ್ಮನಿಗೆ ಫೋನ್ ಮಾಡಿ ಅತ್ತು, ತಮ್ಮನಿಗೆ ಬುದ್ಧಿ ಹೇಳಿ, ಆಮೇಲೆ ಸಾಯುತ್ತಾನೆ ಅಂದುಕೊಳ್ಳಿ. ಅಲ್ಲಿಂದ ಮುಂದೆ ಯಾರನ್ನು ಕಚ್ಚಿದರೂ ನೋಡುವವರ ಎದೆ ಝಲ್ ಎನ್ನುವುದಿಲ್ಲ. ಬೇಕಾದವರಿಗೆ ಸಮಯ ಸಿಕ್ಕೇ ಸಿಗುತ್ತದೆ ಎಂದು ಅವರಿಗೆ ಗೊತ್ತಾಗಿಬಿಟ್ಟಿರುತ್ತದೆ. ಗಾಯದ ಜಾಗಕ್ಕೆ ತಕ್ಕಂತೆ ಸಮಯ ಬದಲಾಗುತ್ತದೆ ಎಂದು ಮೊದಲೇ ತೋರಿಸಿದ್ದರೆ ಅದು ತಪ್ಪಲ್ಲ.

ನಿಯಮ ಹಾಕುವುದನ್ನು ಕಲಿಯಲು 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ನೋಡಿ. ಪ್ರಿಂಟಿನಲ್ಲಿ ಕಾಪಿರೈಟ್ ಸೂಚನೆ ಬಿಟ್ಟುಹೋಗಿದ್ದರಿಂದ ಅಮೆರಿಕದಲ್ಲಿ ಅದಕ್ಕೆ ಹಕ್ಕುಸ್ವಾಮ್ಯವೇ ಇಲ್ಲ, ಪುಕ್ಕಟೆ ಸಿಗುತ್ತದೆ. ಮೆದುಳಿಗೆ ಪೆಟ್ಟು ಬಿದ್ದರೆ ಜಾಂಬಿಗಳು ಬೀಳುತ್ತವೆ ಎಂಬುದು ಮನೆಯೊಳಗೆ ಸಿಕ್ಕಿಕೊಂಡವರಿಗೆ ಸುದ್ದಿ ಪ್ರಸಾರದಿಂದ ತಿಳಿಯುತ್ತದೆ, ನಮಗೂ ಆಗಲೇ. ಅದರಲ್ಲಿ ‘ಜಾಂಬಿ’ ಎಂಬ ಮಾತೇ ಬರುವುದಿಲ್ಲ. ಸ್ಮಶಾನದಲ್ಲಿ ಎದುರಾಗುವ ಮೊದಲನೆಯದು ಕಲ್ಲು ತೆಗೆದುಕೊಂಡು ಕಾರಿನ ಗಾಜು ಒಡೆಯುತ್ತದೆ. ಹಾಗಾಗಿ ‘ಜಾಂಬಿ ಎಲ್ಲಾದರೂ ಕಲ್ಲು ಹಿಡಿಯುತ್ತದೆಯೇ’ ಎಂಬ ಆಕ್ಷೇಪ ನಿಲ್ಲುವುದಿಲ್ಲ. ಬೇರೆ ಸಿನಿಮಾದ ನಿಯಮ ತಂದು ಈ ಸಿನಿಮಾವನ್ನು ಅಳೆಯಬೇಡಿ.

ಮುಂದಿನದು ಸದ್ದಿನ ಪರೀಕ್ಷೆ. ಬೆಚ್ಚಿಬಿದ್ದ ಮೂರು ದೃಶ್ಯ ಆರಿಸಿ, ಮ್ಯೂಟ್ ಮಾಡಿ ನೋಡಿ. ಏನೂ ಅನಿಸದಿದ್ದರೆ ನಿಮ್ಮನ್ನು ಬೆಚ್ಚಿಸಿದ್ದು ಹಿನ್ನೆಲೆಯ ‘ಢಂ’ ಮಾತ್ರ. ಆಮೇಲೆ ಕಣ್ಣು ಮುಚ್ಚಿ ಕೇಳಿ. ಕಾರಿಡಾರಿನ ಯಾವ ತುದಿಯಿಂದ ಕಾಲು ಎಳೆಯುವ ಸದ್ದು ಬರುತ್ತಿದೆ ಎಂದು ತಿಳಿಯಬೇಕು. ಡಬ್ಬಿಂಗ್‌ನಲ್ಲಿ ಇಂಥ ಸಣ್ಣ ಸದ್ದು ಕಳೆದುಹೋಗಿರಬಹುದು, ಮೂಲ ಭಾಷೆಯಲ್ಲೂ ಒಮ್ಮೆ ಕೇಳಿ.

ಚಿತ್ರ ಮಸುಕಾಗಿದೆ ಎಂದು ಬೈಯುವ ಮೊದಲು ಕೋಣೆಯ ದೀಪ ಆರಿಸಿ, ಟಿವಿಯ ಮೋಷನ್ ಸ್ಮೂದಿಂಗ್ (ಚಲನೆಯನ್ನು ಅತಿಯಾಗಿ ನಯವಾಗಿಸುವ ಸೆಟ್ಟಿಂಗ್) ಆಫ್ ಮಾಡಿ. ಅದು ಆನ್ ಇದ್ದರೆ ಎಂಥ ಸಿನಿಮಾವೂ ಧಾರಾವಾಹಿಯಂತೆ ಕಾಣುತ್ತದೆ. ಕೆಲವೊಮ್ಮೆ ಒರಟುತನ ಬೇಕೆಂದೇ ಇರುತ್ತದೆ: 2002ರ ‘28 ಡೇಸ್ ಲೇಟರ್’ನ ಬಹುಭಾಗವನ್ನು ಕ್ಯಾನನ್ ಎಕ್ಸ್‌ಎಲ್1 ಎಂಬ ಕಡಿಮೆ ಸ್ಪಷ್ಟತೆಯ ಡಿಜಿಟಲ್ ವಿಡಿಯೋ ಕ್ಯಾಮೆರಾದಲ್ಲಿ ತೆಗೆದಿದ್ದಾರೆ.

ಇನ್ನು ಬರೆಯುವುದು. 250 ಪದ ಸಾಕು. ಕತೆಗೆ ಮೂರು ಸಾಲು, ಉಳಿದದ್ದೆಲ್ಲ ನಿಯಮ ಮುರಿದ ಒಂದೆರಡು ಜಾಗಕ್ಕೆ. ‘ಲಾಜಿಕ್ ಇಲ್ಲ’ ಎನ್ನುವ ಬದಲು ‘52ನೇ ನಿಮಿಷದಲ್ಲಿ ಹತ್ತು ಜಾಂಬಿಗಳು ಸೇರಿ ತಳ್ಳಿದರೂ ಅಲುಗದ ಷಟರ್ 70ನೇ ನಿಮಿಷದಲ್ಲಿ ಒಂದೇ ಜಾಂಬಿಯ ಏಟಿಗೆ ಬಿತ್ತು’ ಎಂದು ಬರೆಯಿರಿ. ಚೆನ್ನಾಗಿದ್ದ ದೃಶ್ಯವಿದ್ದರೆ ಅದನ್ನೂ ಅಷ್ಟೇ ನಿಖರವಾಗಿ ಹೇಳಿ. ಯಾರು ಸಾಯುತ್ತಾರೆ ಎಂದು ಬಿಚ್ಚಿಡಲೇಬೇಕಾದರೆ, ಅದಕ್ಕೆ ಮುಂಚಿನ ಸಾಲಿನಲ್ಲೇ ಎಚ್ಚರಿಕೆ ಕೊಡಿ.