ಚರಂಡಿ ನೀರಿನ ವೈರಸ್ ಲೆಕ್ಕ: ಹಾಸನದಲ್ಲಿ ನಾವು ಮಾಡುವ ಕ್ರಮ

ಕೊಳಚೆ ನೀರಿನಲ್ಲಿ ವೈರಸ್‌ಗೆ ಬರವಿಲ್ಲ. ಟ್ಯೂಬಿನಿಂದ ಟ್ಯೂಬಿಗೆ ಹೋಗುವಾಗ ಕಳೆದುಹೋಗುವುದೇ ತಾಪತ್ರಯ.

ಶುದ್ಧೀಕರಣ ಘಟಕಕ್ಕೆ ಒಳಬರುವ ನೀರನ್ನು ಕಸದ ಜಾಲರಿ ದಾಟಿದ ಮೇಲೆ ಹಿಡಿಯುತ್ತೇವೆ. ಬೆಳಿಗ್ಗೆ 6ರಿಂದ 10ರವರೆಗೆ ಅರ್ಧ ಗಂಟೆಗೊಮ್ಮೆ 100 ಮಿ.ಲೀ., ಎಲ್ಲ ಕೂಡಿಸಿ ಒಂದೇ ಮಾದರಿ. ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ತರಬೇಕು, ಫ್ರೀಜರಿಗೆ ಹಾಕಬಾರದು. ಹೆಪ್ಪುಗಟ್ಟಿ ಕರಗಿದರೆ ಕೊಬ್ಬಿನ ಹೊರಪೊರೆಯಿರುವ ವೈರಸ್‌ಗಳು ಒಡೆಯುತ್ತವೆ.

ಮೊದಲೇ ಎಂಎಸ್2 ಫೇಜನ್ನು (ಬ್ಯಾಕ್ಟೀರಿಯಾಗೆ ತಗಲುವ ಒಂದು ವೈರಸ್) ಅಳೆದು ಸೇರಿಸಿ. ಕೊನೆಗೆ ಎಷ್ಟು ವಾಪಸ್ ಬಂತೆಂದು ನೋಡಿದರೆ ನಷ್ಟ ತಿಳಿಯುತ್ತದೆ. ಯಾವ ಯಾವ ವೈರಸ್ ಇದೆಯೆಂಬ ವೈವಿಧ್ಯ ಲೆಕ್ಕ ಹಾಕುವಾಗ ಅದರ ರೀಡ್‌ಗಳನ್ನು (ಸೀಕ್ವೆನ್ಸಿಂಗ್ ಯಂತ್ರ ಓದಿಕೊಟ್ಟ ತುಣುಕುಗಳನ್ನು) ತೆಗೆಯಲು ಮರೆಯಬೇಡಿ.

4,500 ಜಿ (ಗುರುತ್ವದ 4,500 ಪಟ್ಟು), 30 ನಿಮಿಷ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ. ತಳದ ಗಷ್ಟು ಚೆಲ್ಲಬೇಡಿ, ಬಹಳಷ್ಟು ವೈರಸ್ ಅಲ್ಲೇ ಅಂಟಿಕೊಂಡಿರುತ್ತದೆ. ಅದರಿಂದ ಡಿಎನ್‌ಎ, ಆರ್‌ಎನ್‌ಎಯನ್ನು ಬೇರೆಯಾಗಿ ಎಕ್ಸ್‌ಟ್ರಾಕ್ಟ್ ಮಾಡುತ್ತೇವೆ, ಅಂದರೆ ಹೊರತೆಗೆಯುತ್ತೇವೆ. ತಿಳಿನೀರನ್ನು 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. 0.22 ಆದರೆ ದೊಡ್ಡ ವೈರಸ್‌ಗಳು ಮೇಲೆಯೇ ಉಳಿಯುತ್ತವೆ. ಫಿಲ್ಟರ್ ಕಟ್ಟಿಕೊಂಡರೆ ಒತ್ತಬೇಡಿ, ಬದಲಿಸಿ.

ವೈರಸ್ ತಳಕ್ಕಿಳಿಯಲು ಸೋಸಿದ ನೀರು 200 ಮಿ.ಲೀ.ಗೆ 20 ಗ್ರಾಂ ಪಿಇಜಿ 8000 (ಪಾಲಿಎಥಿಲಿನ್ ಗ್ಲೈಕಾಲ್), 5.84 ಗ್ರಾಂ ಸೋಡಿಯಂ ಕ್ಲೋರೈಡ್. 4 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟು, 10,000 ಜಿಯಲ್ಲಿ ಒಂದು ಗಂಟೆ. ಕೆಳಗೆ ಕೂಡುವ ಗಟ್ಟಿ ಭಾಗ, ಪೆಲೆಟ್, ಎಷ್ಟೋ ಸಲ ಕಣ್ಣಿಗೇ ಬೀಳುವುದಿಲ್ಲ. ರೋಟರಿಗಿಡುವ ಮುನ್ನ ಟ್ಯೂಬಿನ ಹೊರಬದಿಗೆ ಮಾರ್ಕರಿನಲ್ಲಿ ಗೆರೆ ಎಳೆದು, ಗೆರೆ ಹೊರಮುಖವಾಗಿರುವಂತೆ ಇಡಿ. ಪೆಲೆಟ್ ಆ ಗೋಡೆಯಲ್ಲೇ ಇರುತ್ತದೆ. 1 ಮಿ.ಲೀ. ಪಿಬಿಎಸ್ಸಿನಿಂದ (ಫಾಸ್ಫೇಟ್ ಬಫರಿನ ಉಪ್ಪುನೀರು) ಅಲ್ಲೇ ನಿಧಾನಕ್ಕೆ ಬಿಡಿಸಿ.

ಇನ್ನು ಡಿಎನ್‌ಏಸ್, ವೈರಸ್ ಕವಚದ ಹೊರಗೆ ತೇಲುವ ಡಿಎನ್‌ಎ ಕತ್ತರಿಸುವ ಕಿಣ್ವ: 37 ಡಿಗ್ರಿಯಲ್ಲಿ ಒಂದು ಗಂಟೆ. ಇದನ್ನು ಬಿಟ್ಟರೆ ಸೀಕ್ವೆನ್ಸಿಂಗಿಗೆ ಕೊಟ್ಟ ಹಣವೆಲ್ಲ ಬ್ಯಾಕ್ಟೀರಿಯಾದ ಪಾಲು. ನಂತರ ಬ್ಯಾಕ್ಟೀರಿಯಾ ಡಿಎನ್‌ಎ ಉಳಿದಿದೆಯೇ ಎಂದು 16ಎಸ್ (ಬ್ಯಾಕ್ಟೀರಿಯಾದ ಒಂದು ಜೀನ್) ಪಿಸಿಆರ್ ಮಾಡಿ ನೋಡುವುದು ಕಡ್ಡಾಯ. ಆರ್‌ಎನ್‌ಎಗೆ ರಿವರ್ಸ್ ಟ್ರಾನ್ಸ್‌ಕ್ರಿಪ್ಷನ್ (ಅದನ್ನು ಡಿಎನ್‌ಎಗೆ ನಕಲಿಸುವುದು) ಬೇಕೇ ಬೇಕು. ಡಿಎನ್‌ಎ ಹೆಚ್ಚಿಸಲು ಎಂಡಿಎ ಎಂಬ ನಕಲು ವಿಧಾನ ಬಳಸಿದರೆ ಉಂಗುರಾಕಾರದ ಪುಟ್ಟ ಒಂಟಿ ಎಳೆಯ ವೈರಸ್‌ಗಳೇ ಮಿತಿಮೀರಿ ಕಾಣುತ್ತವೆ. ನಾವು ಅದನ್ನು ಬಳಸುವುದಿಲ್ಲ.

ಕೊಳೆತ ಸಾವಯವ ಪದಾರ್ಥದಿಂದ ಬರುವ ಹ್ಯೂಮಿಕ್ ಆಮ್ಲ ಪಿಸಿಆರ್ ಅನ್ನೇ ತಡೆಯುತ್ತದೆ. ಮಾದರಿಯನ್ನು ಹತ್ತು ಪಟ್ಟು ತೆಳುಮಾಡಿದಾಗ ಸಿಟಿ (ಪಿಸಿಆರ್‌ನಲ್ಲಿ ಸಂಕೇತ ಕಾಣಲು ಬೇಕಾದ ಸುತ್ತುಗಳ ಸಂಖ್ಯೆ) ಸುಮಾರು 3.3 ಏರಬೇಕು. ಒಂದೋ ಒಂದೂವರೆಯೋ ಏರಿದರೆ ತಡೆ ಇದೆ ಎಂದೇ ಅರ್ಥ.

ಮುಂಗಾರಿನಲ್ಲಿ ಮಳೆನೀರು ಒಳಚರಂಡಿಗೆ ನುಗ್ಗಿ ಎಲ್ಲವನ್ನೂ ತೆಳುಮಾಡುತ್ತದೆ. ಆಗ ಅಳತೆಗೋಲು ಪಿಎಂಎಂಒವಿ. ಮೆಣಸಿನಕಾಯಿ ಗಿಡದ ಈ ವೈರಸ್ ಮನುಷ್ಯರ ಮಲದಲ್ಲಿ ಹೇರಳವೆಂದು 2006ರಲ್ಲೇ ಗೊತ್ತಾಗಿತ್ತು. ಖಾರ ತಿನ್ನುವ ನಮ್ಮೂರಲ್ಲಿ ಅದಕ್ಕೇನು ಕೊರತೆ! ಅದೂ ಕುಸಿದಿದ್ದರೆ ಬೇರೆ ವೈರಸ್ ಇಳಿದಿದೆ ಎಂದು ಬರೆಯಬೇಡಿ, ಮಳೆ ಬಂದಿದೆ ಎಂದು ಬರೆಯಿರಿ.