ಕೌನ್ಸಿಲ್‌ಗೆ ಏನು ಬರೆದುಕೊಟ್ಟೆವು: ಇಂಗ್ಲೆಂಡ್‌ನಲ್ಲಿ ಮಗನನ್ನು ಮನೆಯಲ್ಲೇ ಓದಿಸಿದ ನನ್ನ ಅನುಭವ

ಮಗನನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುತ್ತಿದ್ದೇವೆ ಅಂದರೆ ಇಲ್ಲಿನ ನಮ್ಮ ಕನ್ನಡದವರು ಮೊದಲು ಕೇಳುವುದು, "ಕೌನ್ಸಿಲ್‌ನವರು ಪರ್ಮಿಷನ್ ಕೊಟ್ರಾ?" ಅಂತ. ಕೌನ್ಸಿಲ್ ಅಂದರೆ ಇಲ್ಲಿನ ಸ್ಥಳೀಯ ಆಡಳಿತ. ನಾವು ಪರ್ಮಿಷನ್ ಕೇಳಲೇ ಇಲ್ಲ, ಕೇಳಬೇಕಾಗಿಯೂ ಇರಲಿಲ್ಲ. 1996ರ ಶಿಕ್ಷಣ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಮಗುವಿನ ವಯಸ್ಸಿಗೆ, ಶಕ್ತಿಗೆ, ಒಲವಿಗೆ ಹೊಂದುವಂಥ ಪೂರ್ಣಾವಧಿ ಶಿಕ್ಷಣ ಕೊಡಿಸುವ ಹೊಣೆ ಅಪ್ಪ ಅಮ್ಮನದು. ಶಾಲೆಗೆ ಕಳಿಸಿ ಕೊಡಿಸಬಹುದು, ಬೇರೆ ರೀತಿಯಲ್ಲೂ ಕೊಡಿಸಬಹುದು. ಕೌನ್ಸಿಲ್ ಮೂಲಕ ಸ್ಪೆಷಲ್ ಸ್ಕೂಲ್‌ಗೆ ಸೇರಿದ ಮಗುವಾದರೆ ಮಾತ್ರ ಒಪ್ಪಿಗೆ ಬೇಕಿತ್ತು. ಸ್ಕಾಟ್ಲೆಂಡ್‌ನಲ್ಲಿ ಲೆಕ್ಕವೇ ಬೇರೆ. ಸರ್ಕಾರಿ ಶಾಲೆಗೆ ಹೋಗುತ್ತಿರುವ ಮಗುವನ್ನು ಬಿಡಿಸಲು ಅಲ್ಲಿ ಒಪ್ಪಿಗೆ ಕೇಳಲೇಬೇಕು. ಹಾಗಾಗಿ ಗ್ಲಾಸ್ಗೋದಲ್ಲಿರುವ ಗೆಳತಿಯ ಸಲಹೆಯನ್ನು ಲೆಸ್ಟರ್‌ನಲ್ಲಿ ಕೂತು ಪಾಲಿಸಬೇಡಿ.

ಯಾಕೆ ಬಿಡಿಸಿದೆವು ಅನ್ನುವುದು ಬೇರೆ ಕತೆ, ಇಲ್ಲಿ ಬೇಡ. ಹೆಡ್‌ಟೀಚರ್‌ಗೆ ಬರೆದ ಪತ್ರ ತುಂಬಾ ಚಿಕ್ಕದು. ಇಂಥ ದಿನದಿಂದ ಮಗನನ್ನು ಮನೆಯಲ್ಲಿ ಓದಿಸುತ್ತೇವೆ, ದಾಖಲಾತಿ ಪುಸ್ತಕದಿಂದ ಹೆಸರು ತೆಗೆಯಿರಿ, ತೆಗೆದಿದ್ದೀರಿ ಅಂತ ಬರೆದು ತಿಳಿಸಿ. ಅಷ್ಟೇ. ಕಾರಣ ಹೇಳಲಿಲ್ಲ, ಶಾಲೆಯನ್ನು ದೂರಲಿಲ್ಲ. ಹೆಸರು ತೆಗೆದರೆ ಶಾಲೆಯವರು ಕೌನ್ಸಿಲ್‌ಗೆ ತಿಳಿಸಲೇಬೇಕು. ಹಾಗಾಗಿ ಮುಂದಿನ ಪತ್ರ ಕೌನ್ಸಿಲ್‌ನಿಂದ ಬರುತ್ತೆ ಅಂತ ಗೊತ್ತಿತ್ತು. ಬಂತು.

ಅದನ್ನು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಅಪ್ಪ ಹಾಸನದ ಕಡೆ ಹೈಸ್ಕೂಲ್ ಮೇಷ್ಟ್ರಾಗಿದ್ದವರು. "ಅಲ್ಲ ಕಣಮ್ಮಾ, ಬಿಇಒ ಬಂದ್ರೆ ಹಾಜರಿ ಪುಸ್ತಕ, ಪಾಠ ಟಿಪ್ಪಣಿ ಎಲ್ಲಾ ಮುಂದಿಡಬೇಕು. ನಿನ್ ಹತ್ರ ಏನಿದೆ ತೋರ್ಸೋಕೆ?" ಅಂದರು. ಅಪ್ಪನ ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಇಲ್ಲಿನ ಕೌನ್ಸಿಲ್ ಆಫೀಸರ್ ಬಿಇಒ ಅಲ್ಲ. ಶಾಲೆಗಳ ತಪಾಸಣೆ ಮಾಡುವ ಆಫ್‌ಸ್ಟೆಡ್ ಸಂಸ್ಥೆ ಮನೆ ಓದನ್ನು ತಪಾಸಣೆ ಮಾಡುವುದಿಲ್ಲ. ನ್ಯಾಷನಲ್ ಕರಿಕ್ಯುಲಮ್ ಪಾಲಿಸಬೇಕಿಲ್ಲ, ಟೈಮ್‌ಟೇಬಲ್ ಇರಬೇಕಿಲ್ಲ, ಕಲಿಸುವವರಿಗೆ ಬಿ.ಎಡ್. ತರಹದ ಡಿಗ್ರಿ ಬೇಕಿಲ್ಲ. ಓದಿನ ವಿಚಾರಕ್ಕಷ್ಟೇ ಆದರೆ, ಮನೆಯೊಳಗೆ ಬರಲೇಬೇಕು ಅನ್ನುವ ಅಧಿಕಾರವೂ ಅವರಿಗಿರಲಿಲ್ಲ.

ಹಾಗಾದರೆ ಅವರಿಗೆ ಇರುವುದೇನು? ಅದೇ 1996ರ ಕಾಯ್ದೆಯ 436ಎ ಸೆಕ್ಷನ್. ತಕ್ಕ ಶಿಕ್ಷಣ ಸಿಗದ ಮಕ್ಕಳು ತಮ್ಮ ವ್ಯಾಪ್ತಿಯಲ್ಲಿ ಯಾರಿದ್ದಾರೆ ಅಂತ ಕಂಡುಹಿಡಿಯುವುದು ಕೌನ್ಸಿಲ್‌ನ ಕರ್ತವ್ಯ. ಅದಕ್ಕೇ ಪತ್ರ ಬರೆದು ವಿಚಾರಿಸುತ್ತಾರೆ. ಶಿಕ್ಷಣ ಇಲಾಖೆಯ 2019ರ ಮಾರ್ಗಸೂಚಿ ವರ್ಷಕ್ಕೊಮ್ಮೆಯಾದರೂ ಸಂಪರ್ಕಿಸಿ ಅನ್ನುತ್ತೆ. ಆ ಪತ್ರಕ್ಕೆ ಉತ್ತರ ಕೊಡಲೇಬೇಕು ಅಂತ ಕಾನೂನಿನಲ್ಲಿ ಇರಲಿಲ್ಲ. ಆದರೆ ಉತ್ತರಿಸುವುದೇ ಜಾಣತನ ಅಂತ 1980ರಲ್ಲೇ ಒಂದು ಕೋರ್ಟ್ ತೀರ್ಪು ಹೇಳಿದೆ. ಸುಮ್ನೆ ಕೂತರೆ, ಇವರು ಓದಿಸುತ್ತಿಲ್ಲ ಅಂತ ಕೌನ್ಸಿಲ್ ಅಂದುಕೊಳ್ಳಬಹುದು. ಇದನ್ನು ಓದಿದ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ಆ ಕಡೆ ಕೂತವರು ನಮ್ಮ ಫೈಲ್ ಮುಚ್ಚಬೇಕಾದರೆ ಅವರ ಕೈಯಲ್ಲಿ ಒಂದು ಗಟ್ಟಿ ಕಾಗದ ಬೇಕು. ಅದನ್ನು ಕೊಡುವುದು ನಮ್ಮ ಕೆಲಸ. ಜಗಳವೂ ಬೇಡ, ನಡುಕವೂ ಬೇಡ.

ಪತ್ರದ ಜೊತೆ ಒಂದು ಫಾರ್ಮ್ ಇತ್ತು. ವಾರದ ಟೈಮ್‌ಟೇಬಲ್ ಕೊಡಿ, ಯಾವ ಪಠ್ಯಪುಸ್ತಕ ಹೇಳಿ, ಯಾವ ದಿನ ಮನೆಗೆ ಬರಲಿ. ನಮ್ಮವರಿಗೆ ಫಾರ್ಮ್ ಕಂಡರೆ ತುಂಬಿಬಿಡುವ ಅಭ್ಯಾಸ, ಅದರಲ್ಲೂ ವೀಸಾದಲ್ಲಿರುವವರಿಗೆ. ನಾವು ತುಂಬಲಿಲ್ಲ. ನಮ್ಮದೇ ವರದಿ ಕಳಿಸುತ್ತೇವೆ ಅಂತ ಒಂದು ದಿನ ಗೊತ್ತು ಮಾಡಿ ವಿನಯವಾಗಿ ಬರೆದೆವು. ಟೈಮ್‌ಟೇಬಲ್ ಬರೆದುಕೊಟ್ಟರೆ ಮುಂದಿನ ವರ್ಷ ಅದಕ್ಕೇ ಲೆಕ್ಕ ಕೇಳುತ್ತಾರೆ, ಅಲ್ವಾ? ನನ್ನ ಪಾರ್ಟ್‌ಟೈಮ್ ಕೆಲಸದ ನಡುವೆ ಅಂಥ ಟೈಮ್‌ಟೇಬಲ್ ನಡೆಯುವುದೂ ಇಲ್ಲ.

ವರದಿ ಬರೆಯುವ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. "ಗಣಿತದಲ್ಲಿ ಚೆನ್ನಾಗಿದ್ದಾನೆ, ಓದುವ ಆಸಕ್ತಿ ಇದೆ" ಅಂತ ಬರೆದರೆ ಏನೂ ಬರೆದಂತಲ್ಲ. ನಾವು ಪ್ರತಿ ವಿಷಯಕ್ಕೂ ನಾಲ್ಕು ಮಾತು ಬರೆದೆವು: ಶುರುವಿನಲ್ಲಿ ಏನು ಬರುತ್ತಿರಲಿಲ್ಲ, ಏನು ಮಾಡಿದೆವು, ಈಗ ಏನು ಬರುತ್ತೆ, ಮುಂದೆ ಏನು.

ಗಣಿತದ ಭಾಗ ಹೀಗಿತ್ತು. ಸೆಪ್ಟೆಂಬರ್‌ನಲ್ಲಿ ಅವನಿಗೆ ದಶಮಾಂಶದ ಗುಣಾಕಾರ ಬರುತ್ತಿರಲಿಲ್ಲ. ನಮ್ಮ ಮನೆ ಹತ್ತಿರ ಗ್ರ್ಯಾಂಡ್ ಯೂನಿಯನ್ ಕಾಲುವೆ ಹರಿಯುತ್ತದೆ. ದೋಣಿ ಮೇಲಿನ ಮಟ್ಟಕ್ಕೆ ಏರಲು ಅದರಲ್ಲಿ ಲಾಕ್‌ಗಳಿವೆ, ಎರಡೂ ಕಡೆ ಗೇಟಿರುವ ದೊಡ್ಡ ತೊಟ್ಟಿಗಳು. ಒಂದು ದೋಣಿ ದಾಟಲು ಎಷ್ಟು ನೀರು ಬೇಕು ಅಂತ ಅವನೇ ಕೇಳಿದ. ಟೇಪ್ ಹಿಡಿದು ಅಳೆದೆವು. ಉದ್ದ ಸುಮಾರು 22 ಮೀಟರ್, ಅಗಲ 4.3 ಮೀಟರ್. ನೀರು ಏರುವುದು 2 ಮೀಟರ್ ಅಂತ ಹಿಡಿದೆವು. ಉತ್ತರ ಸುಮಾರು 189 ಘನ ಮೀಟರ್, ಅಂದರೆ 1,89,000 ಲೀಟರ್. ಅವನಿಗೆ ಸೊನ್ನೆಗಳ ಮೇಲೆ ನಂಬಿಕೆ ಬರಲಿಲ್ಲ. ಒಂದು ಘನ ಮೀಟರ್‌ಗೆ ಸಾವಿರ ಲೀಟರ್ ಹೇಗೆ ಅಂತ ರಟ್ಟಿನ ಡಬ್ಬ ಮಾಡಿ ಮತ್ತೆ ಲೆಕ್ಕ ಹಾಕಿದ. ತಪ್ಪು ಹೊಡೆದುಹಾಕಿದ ಗುರುತಿರುವ ಆ ಪುಟದ ಫೋಟೋವನ್ನೇ ವರದಿಗೆ ಸೇರಿಸಿದೆವು. ಶುದ್ಧ ಪ್ರತಿ ಮಾಡಿಸಿದ್ದರೆ ಅಮ್ಮ ಬರೆದುಕೊಟ್ಟಿದ್ದು ಅನ್ನುವ ಅನುಮಾನ ಬರುತ್ತಿತ್ತು.

ಕನ್ನಡವನ್ನೂ ಸೇರಿಸಿದೆ. ವಾರಾಂತ್ಯದ ಕನ್ನಡ ತರಗತಿ, ಅಜ್ಜನಿಗೆ ಬರೆಯುವ ಕಾಗದ, ಒತ್ತಕ್ಷರದ ಅಭ್ಯಾಸ. ಇದನ್ನು ಬಿಡಬೇಡಿ. ಒಂದು ಭಾಷೆ ಓದಲು ಬರೆಯಲು ಕಲಿಯುವುದು ಶಿಕ್ಷಣವೇ. ಈಜು, ಲೈಬ್ರರಿ, ಬೇರೆ ಮಕ್ಕಳ ಜೊತೆ ಆಟ ಎಲ್ಲಾ ಎರಡು ಸಾಲಿನಲ್ಲಿ ಮುಗಿಸಿದೆ.

ಆಮೇಲೆ ಆಫೀಸರ್ ಒಮ್ಮೆ ಮಾತಾಡೋಣವೇ ಅಂತ ಕೇಳಿದರು. ಬೇಡ ಅನ್ನಬಹುದಿತ್ತು. ಲೈಬ್ರರಿಯಲ್ಲಿ ಸಿಗೋಣ ಅಂದೆವು. ಮೊದಲು ಪ್ರೈಮರಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಹೆಂಗಸು. ಮಗನನ್ನು ಪರೀಕ್ಷೆ ಮಾಡಲಿಲ್ಲ. ಲಾಕ್ ಬಗ್ಗೆ ಕೇಳಿದರು, ಅವನು ನಿಲ್ಲಿಸದೆ ಹೇಳಿದ. ಕೆಲವು ದಿನಗಳಲ್ಲಿ, ಶಿಕ್ಷಣ ತಕ್ಕಂತಿದೆ, ಮುಂದಿನ ವರ್ಷ ಸಂಪರ್ಕಿಸುತ್ತೇವೆ ಅಂತ ಪತ್ರ ಬಂತು. ಹಣದ ವಿಷಯ ಕೇಳುವವರಿಗೆ: ಕೌನ್ಸಿಲ್ ಏನೂ ಕೊಡುವುದಿಲ್ಲ. ಮುಂದೆ ಜಿಸಿಎಸ್‌ಇ, ಅಂದರೆ ನಮ್ಮ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆಯ ಫೀಸು ನಾವೇ ಕಟ್ಟಬೇಕು, ಖಾಸಗಿ ಅಭ್ಯರ್ಥಿಯನ್ನು ಕೂರಿಸಿಕೊಳ್ಳುವ ಕೇಂದ್ರವನ್ನೂ ನಾವೇ ಹುಡುಕಬೇಕು.

ಇಲ್ಲಿನ ಹೋಮ್ ಎಜುಕೇಶನ್ ಗುಂಪುಗಳಲ್ಲಿ ಕೌನ್ಸಿಲ್ ಅಂದರೆ ಉರಿದುಬೀಳುವವರು ಜಾಸ್ತಿ. ನನಗೆ ಅಷ್ಟು ಸಿಟ್ಟಿಲ್ಲ. 2023ರ ಆಗಸ್ಟ್‌ನಲ್ಲಿ ವೋಕಿಂಗ್‌ನಲ್ಲಿ ಸಾರಾ ಶರೀಫ್ ಅನ್ನುವ ಹತ್ತು ವರ್ಷದ ಹುಡುಗಿಯನ್ನು ಮನೆಯವರೇ ಕೊಂದರು. ಅದಕ್ಕೆ ಮೊದಲು, ಮನೆಯಲ್ಲೇ ಓದಿಸುತ್ತೇವೆ ಅಂತ ಅವಳನ್ನು ಶಾಲೆ ಬಿಡಿಸಿದ್ದರು. 2024ರ ಡಿಸೆಂಬರ್‌ನಲ್ಲಿ ತಂದೆ, ಮಲತಾಯಿ ತಪ್ಪಿತಸ್ಥರು ಅಂತ ತೀರ್ಪು ಬಂತು. ಅದೇ ತಿಂಗಳು ಸಂಸತ್ತಿಗೆ ಬಂದ ಮಸೂದೆಯಲ್ಲಿ, ಶಾಲೆಗೆ ಹೋಗದ ಮಕ್ಕಳ ಪಟ್ಟಿಯನ್ನು ಪ್ರತಿ ಕೌನ್ಸಿಲ್ ಇಡಬೇಕು, ಮಗುವಿನ ಸುರಕ್ಷತೆ ಬಗ್ಗೆ ವಿಚಾರಣೆ ನಡೆಯುತ್ತಿದ್ದರೆ ಒಪ್ಪಿಗೆ ಇಲ್ಲದೆ ಶಾಲೆ ಬಿಡಿಸುವಂತಿಲ್ಲ ಅಂತಿತ್ತು. ಇವೆರಡಕ್ಕೂ ನನ್ನ ತಕರಾರಿಲ್ಲ. ಆದರೆ ಅದೇ ಮಸೂದೆಯಲ್ಲಿದ್ದ, ಮಗುವಿಗೆ ಅಪ್ಪ ಎಷ್ಟು ಹೊತ್ತು ಕಲಿಸಿದ, ಅಮ್ಮ ಎಷ್ಟು ಹೊತ್ತು ಕಲಿಸಿದಳು ಅಂತ ಬರೆದುಕೊಡಿ ಅನ್ನುವುದು ನನಗೆ ಒಪ್ಪಿಗೆಯಾಗಲಿಲ್ಲ. ಕಾಲುವೆ ದಂಡೆಯಲ್ಲಿ ಕಳೆದ ಮಧ್ಯಾಹ್ನವನ್ನು ಯಾರ ಲೆಕ್ಕಕ್ಕೆ ಬರೆಯಲಿ?

ಪತ್ರ ಬಂದರೆ ಮೊದಲು ನೋಡಬೇಕಾದ್ದು ಸೆಕ್ಷನ್ ನಂಬರ್. ಆ ಮಸೂದೆ ಈ ನಿಯಮಗಳನ್ನೂ ಮುಟ್ಟುತ್ತದೆ, ಹಾಗಾಗಿ ಪತ್ರ ಬಂದ ದಿನ ಜಾರಿಯಲ್ಲಿರುವ ಕಾನೂನು ಓದಿಕೊಳ್ಳಿ. ನಾವು ಕಂಡ ನಿಯಮದಲ್ಲಿ 436ಎ ಅಂದರೆ ವಿಚಾರಣೆ ಅಷ್ಟೇ. 437 ಅಂದರೆ ನೋಟಿಸ್: ಕನಿಷ್ಠ 15 ದಿನದ ಗಡುವು, ಅಷ್ಟರಲ್ಲಿ ಒಪ್ಪಿಸದಿದ್ದರೆ ಶಾಲೆಗೆ ಕಳಿಸಿ ಅನ್ನುವ ಆರ್ಡರ್ ಆಗಬಹುದು. ಪರಿಚಯದ ಒಬ್ಬಳಿಗೆ ಈ ಎರಡನೆಯದೇ ಬಂದಿತ್ತು, ಮೊದಲ ಪತ್ರಗಳನ್ನು ಅವಳು ತೆರೆದೇ ಇರಲಿಲ್ಲ. ಶನಿವಾರ ಕೂತು ನಮ್ಮ ನಾಲ್ಕು ಮಾತಿನ ರೀತಿಯಲ್ಲೇ ವರದಿ ಬರೆಸಿದೆ. ಮಗಳ ನೋಟ್‌ಬುಕ್ಕಿನ ಪುಟಗಳನ್ನು ಸೇರಿಸಿ ಇಮೇಲ್‌ನಲ್ಲೂ ಕಳಿಸಿದಳು, ಅಂಚೆಯಲ್ಲೂ ಕಳಿಸಿದಳು. ತಲುಪಿದೆ ಅಂತ ಉತ್ತರ ಬರುವವರೆಗೆ ಫೋನ್ ಮಾಡುವುದನ್ನು ಬಿಡಲಿಲ್ಲ. ಆರ್ಡರ್‌ವರೆಗೆ ಹೋಗಲಿಲ್ಲ.