ಹಂಚಿನ ಪಾಚಿ, ದಂಬೆಯ ಕಸ: ನಾನು ಮಾಡುವ ರೀತಿ

ಪತ್ತನಾಜೆಯೊಳಗೆ ಮಾಡಿನ (ಛಾವಣಿಯ) ಕೆಲಸ ಮುಗಿಯಬೇಕು ಅನ್ನುವುದು ಸುಳ್ಯ ಕಡೆಯ ನಮ್ಮ ಹಂಚಿನ ಮನೆಯಲ್ಲಿ ಹಿಂದಿನಿಂದ ಬಂದ ಲೆಕ್ಕ. ಪತ್ತನಾಜೆ ಅಂದರೆ ತುಳು ಬೇಶ ತಿಂಗಳ ಹತ್ತನೇ ದಿನ, ಬರುವುದು ಮೇ 24ರ ಆಸುಪಾಸು. ಆಮೇಲೆ ಮಳೆ ಯಾವಾಗ ಬೇಕಾದರೂ ಹಿಡಿಯಬಹುದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುವುದು ಇಲ್ಲಿ ಮಾಮೂಲಿ. ಹಂಚಿನ ಕೆಲಸ ಗೊತ್ತಿದ್ದವರು ಈಗ ಕರೆದ ಕೂಡಲೇ ಸಿಗುವುದಿಲ್ಲ. ಹಾಗಾಗಿ ಪಾಚಿ ತೆಗೆಯುವುದು, ಮಾಡಿನಂಚಿನಲ್ಲಿ ನೀರು ಹಿಡಿಯುವ ದಂಬೆ ಸಾಫ್ ಮಾಡುವುದು ಎರಡೂ ನನ್ನ ತಲೆಗೇ ಬಂದಿದೆ.

ಹಂಚು ಹಸಿರಾಗಿದೆ ಅಂತ ಗಾಬರಿ ಬೇಡ. ಮುಖದ ಮೇಲೆ ತೆಳ್ಳಗೆ ಹಿಡಿದ ಹಸಿರು ನೋಡೋಕೆ ಚೆಂದ ಇಲ್ಲ, ಅಷ್ಟೇ. ಉಪದ್ರ ಕೊಡುವುದು ಸಂದಿಯಲ್ಲಿ ಕೂತ ಪಾಚಿ. ಮಂಗಳೂರು ಹಂಚಿನ ಒಂದು ಬದಿಗೆ ಉದ್ದಕ್ಕೆ ಚಡಿ ಇರುತ್ತದೆ, ಪಕ್ಕದ ಹಂಚಿನ ಅಂಚು ಅದರ ಮೇಲೆ ಕೂರುತ್ತದೆ. ಸಂದಿಗೆ ಇಳಿದ ನೀರು ಆ ಚಡಿಯಲ್ಲೇ ಹರಿದು ಕೆಳಗಿನ ಹಂಚಿಗೆ ಬೀಳಬೇಕು. ಅಲ್ಲಿ ಪಾಚಿ ಬೆಳೆದು ಮಣ್ಣು ಹಿಡಿದರೆ ನೀರು ಕಟ್ಟಿ ಒಳಗೆ ಚೆಲ್ಲುತ್ತದೆ. ಇನ್ನೊಂದು ಕಳ್ಳ ಜಾಗ ಮೇಲಿನ ಹಂಚಿನ ಕೆಳತುದಿ. ಅದರಡಿ ಬೆಳೆದ ಪಾಚಿ ದೀಪದ ಬತ್ತಿಯ ಹಾಗೆ ನೀರನ್ನು ಮೇಲಕ್ಕೆ ಎಳೆಯುತ್ತದೆ. ಹಂಚಿಗೆ ಏನೂ ಆಗುವುದಿಲ್ಲ, ಅದರಡಿಯ ಮರದ ಪಟ್ಟಿ, ಅಂದರೆ ರೀಪು, ತಿಂಗಳುಗಟ್ಟಲೆ ಒದ್ದೆಯಾಗಿದ್ದು ಕುಂಬಾಗುತ್ತದೆ. ಸೋರುವುದು ಕಣ್ಣಿಗೆ ಬೀಳುವ ಹೊತ್ತಿಗೆ ಮರ ಹೋಗಿರುತ್ತದೆ.

ಪಾಚಿ ಜಾಸ್ತಿ ಇರುವುದು ಮಾಡಿನ ಬಡಗು ಬದಿಯಲ್ಲಿ. ಮಳೆ ನಿಂತ ಮೇಲೆ, ಅಕ್ಟೋಬರಿನಿಂದ ಫೆಬ್ರವರಿವರೆಗೆ, ಸೂರ್ಯ ತೆಂಕಲಿಗೆ ವಾಲಿರುತ್ತಾನೆ. ಬಡಗು ಮಾಡು ಒಣಗುವುದು ಕೊನೆಗೆ. ಅದಕ್ಕೆ ಸರಿಯಾಗಿ ನಮ್ಮಲ್ಲಿ ಒಂದು ಹಲಸಿನ ಮರದ ಗೆಲ್ಲು ಆ ಕಡೆಯೇ ಚಾಚಿತ್ತು. ಗೆಲ್ಲು ಕಡಿಸಿದ್ದು ನಾನು ಮಾಡಿದ ಎಲ್ಲ ಉಜ್ಜಾಟಕ್ಕಿಂತ ಜಾಸ್ತಿ ಕೆಲಸ ಮಾಡಿತು. ಬಿಸಿಲು, ಗಾಳಿ ಬಿದ್ದಲ್ಲಿ ಪಾಚಿ ತಾನಾಗಿ ಸೋಲುತ್ತದೆ. ಸೌದೆ ಒಲೆಯ ಮೇಲಿನ ಮಾಡಿನಲ್ಲೂ ಪಾಚಿ ಕಮ್ಮಿ. ಹೊಗೆ, ಬಿಸಿ ಎರಡೂ ಹಂಚನ್ನು ಒಳಗಿಂದ ಒಣಗಿಸುತ್ತವೆ.

ಕೆಲಸಕ್ಕೆ ನಾನು ಹಿಡಿಯುವುದು ಮಾರ್ಚ್ ತಿಂಗಳು. ಪಾಚಿ ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅದಕ್ಕೆ ನಿಜವಾದ ಬೇರು ಇಲ್ಲ, ಕೂದಲೆಳೆಯಂಥ ಎಳೆಗಳಿಂದ ಹಂಚಿಗೆ ಅಂಟಿಕೊಂಡಿರುತ್ತದೆ. ಒಣಗಿದಾಗ ಹಿಡಿತ ಸಡಿಲ. ಒದ್ದೆ ಪಾಚಿ ಇನ್ನೂ ಸುಲಭವಾಗಿ ಎದ್ದು ಬರುತ್ತದೆ ನಿಜ, ಆದರೆ ಒದ್ದೆ ಮಾಡಿನ ಮೇಲೆ ಕಾಲಿಡುವ ಧೈರ್ಯ ನನಗಿಲ್ಲ.

ಕಾಲಿಡುವ ಮಾತು ಬಂತಲ್ಲ, ಸಾಧ್ಯವಾದಷ್ಟು ನಾನು ಮಾಡಿಗೆ ಹತ್ತುವುದೇ ಇಲ್ಲ. ಈ ಹಂಚಿಗೆ ಆಣಿ ಇಲ್ಲ, ಕೆಳಗಿನ ಮೂಗು ರೀಪಿಗೆ ಸಿಕ್ಕಿಸಿ ಕೂತಿರುತ್ತದೆ. ಅಟ್ಟದಲ್ಲಿ ನಿಂತು ಕೆಲವು ಹಂಚುಗಳನ್ನು ಮೇಲಕ್ಕೆತ್ತಿ ಒಳಗೆ ತೆಗೆದರೆ ಸೊಂಟದವರೆಗೆ ಹೊರಗೆ ಬರುವಷ್ಟು ಕಿಂಡಿ ಆಗುತ್ತದೆ. ಅಲ್ಲಿಂದ ಕೈಗೆ ಎಟಕುವಷ್ಟು ಉಜ್ಜಿ, ತೆಗೆದ ಹಂಚನ್ನು ಅಲ್ಲೇ ಸಾಫ್ ಮಾಡಿ ಕೂರಿಸಿ, ಮುಂದಿನ ಕಿಂಡಿಗೆ ಹೋಗುವುದು. ನಿಧಾನ, ಆದರೆ ಬೀಳುವ ಭಯ ಕಮ್ಮಿ. ರೀಪಿಗೆ ಉಗುರು ಒತ್ತಿ ನೋಡೋಕೂ ಆಗುತ್ತದೆ. ಮೆತ್ತಗಿದ್ದರೆ ಅದನ್ನು ಆಗಲೇ ಬದಲಿಸುತ್ತೇನೆ. ಹಂಚೆತ್ತುವಾಗ ಕೈಗವಸು ಇರಲಿ, ಅಡಿಯಲ್ಲಿ ಚೇಳು, ಶತಪದಿ ಇರುತ್ತವೆ. ಮೇಲೆ ಹತ್ತಲೇಬೇಕಾದರೆ ಹಂಚಿನ ನಡುವೆ ಮೆಟ್ಟಬಾರದು. ಎರಡು ಹಂಚು ಒಂದರ ಮೇಲೊಂದು ಕೂತಲ್ಲಿ ಅಡಿಗೆ ರೀಪು ಇರುತ್ತದೆ, ಹೆಜ್ಜೆ ಅಲ್ಲಿಗೇ. ಹಗ್ಗದ ಒಂದು ತುದಿ ಸೊಂಟಕ್ಕೆ, ಇನ್ನೊಂದು ತುದಿ ಮನೆಯ ಆಚೆ ಬದಿಯ ತೆಂಗಿನ ಬುಡಕ್ಕೆ. ಕೆಳಗೆ ಒಬ್ಬರು ಇರಲೇಬೇಕು. ಅಲ್ಯೂಮಿನಿಯಂ ಏಣಿ ಆದರೆ ಮನೆಗೆ ಬರುವ ಸರ್ವಿಸ್ ವಯರ್ ಎಲ್ಲಿದೆ ಅಂತ ಮೊದಲು ನೋಡಿ.

ಉಜ್ಜೋಕೆ ಹಳೆ ಹಿಡಿಸೂಡಿ, ಗಟ್ಟಿ ನೈಲಾನ್ ಬ್ರಷ್ ಸಾಕು. ಚಡಿಗೆ ಮಾತ್ರ ಅಡಿಕೆ ಸಲಾಕೆಯ ತುದಿ ಚೂಪು ಮಾಡಿಕೊಳ್ಳುತ್ತೇನೆ. ಚಡಿಯ ಅಳತೆಗೆ ಕೆತ್ತಿಕೊಂಡರೆ ಒಂದೇ ಎಳೆತಕ್ಕೆ ಪಾಚಿ ಮಣ್ಣಿನ ಸಮೇತ ಪಟ್ಟಿಯಾಗಿ ಬರುತ್ತದೆ, ಹಂಚಿಗೆ ಗೀರು ಬೀಳುವುದಿಲ್ಲ. ಕಬ್ಬಿಣದ ಬ್ರಷ್ ಬೇಡ, ಗೀರಿದಲ್ಲಿ ಪಾಚಿ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಮೇಲಿನಿಂದ ಕೆಳಕ್ಕೆ ಮಾತ್ರ ಉಜ್ಜಬೇಕು. ಕೆಳಗಿಂದ ಮೇಲಕ್ಕೆ ಉಜ್ಜಿದರೆ ಕಸ ಹಂಚಿನಡಿಗೆ ಹೋಗುತ್ತದೆ.

ಪ್ರೆಶರ್ ವಾಷರ್ ತಂದು ಹೊಡೆಯಿರಿ, ಅರ್ಧ ದಿನದ ಕೆಲಸ ಅನ್ನುವವರಿದ್ದಾರೆ. ಹಂಚು ಹೊಸದರಂತೆ ಕೆಂಪಾಗುವುದೂ ಹೌದು. ಆದರೆ ಆ ರಭಸಕ್ಕೆ ಹಂಚಿನ ಮೇಲ್ಪದರ ಏಳುತ್ತದೆ, ಅದು ಇನ್ನಷ್ಟು ನೀರು ಕುಡಿಯುತ್ತದೆ. ನೀರು ಸಂದಿಯಿಂದ ಒಳಗೂ ನುಗ್ಗುತ್ತದೆ. ಅಂಗಳದ ಸಿಮೆಂಟಿಗೆ ಸರಿ, ಮಾಡಿಗೆ ಬೇಡ.

ಮದ್ದಿನ ವಿಚಾರ. ಅಡಿಕೆ ಬೆಳೆಗಾರರ ತಲೆಗೆ ಮೊದಲು ಬರುವುದು ಮೈಲುತುತ್ತು (ತಾಮ್ರದ ಸಲ್ಫೇಟ್), ಅಲ್ವಾ? ಕೊಳೆರೋಗಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕಿ ಬೋರ್ಡೋ ದ್ರಾವಣ ಬಿಡುತ್ತೇವೆ. ತೋಟದ ಬದಿಯ ಮಾಡಿಗೆ ಅದರ ಹನಿ ಬಿದ್ದಲ್ಲಿ ನೀಲಿ ಕಲೆ ಉಳಿಯುತ್ತದೆ, ಪಾಚಿಯೂ ಕಮ್ಮಿ. ತಾಮ್ರ ಕಂಡರೆ ಪಾಚಿಗೆ ಆಗುವುದಿಲ್ಲ. ಹಾಗಂತ ಮಾಡಿಗೇ ಮೈಲುತುತ್ತು ಬಿಡುವ ಕೆಲಸಕ್ಕೆ ನಾನು ಹೋಗಿಲ್ಲ. ನಮ್ಮ ಮಾಡಿನ ನೀರು ಬಾವಿಗೆ ಹೋಗುತ್ತದೆ. ಉಳಿದದ್ದು ತೋಡಿಗೆ ಸೇರುತ್ತದೆ, ತಾಮ್ರ ಮೀನಿಗೆ ವಿಷ. ಮೈಲುತುತ್ತು ತಗಡಿನ ದಂಬೆಯನ್ನೂ ತಿನ್ನುತ್ತದೆ. ಬೋರ್ಡೋವನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸುವುದು ಸುಮ್ನೆ ಅಲ್ಲ.

ಪಾಚಿ ಉದುರಿಸಿದರೆ ಅದೆಲ್ಲ ದಂಬೆಗೆ ಬೀಳುತ್ತದೆ. ಅದಕ್ಕೇ ದಂಬೆಯ ಕೆಲಸ ಕೊನೆಗೆ. ಅಪ್ಪನ ಕಾಲದಲ್ಲಿ ಅಡಿಕೆ ಮರ ಸೀಳಿ ತಿರುಳು ತೆಗೆದ ದಂಬೆ ಇತ್ತು. ಈಗ ತಗಡಿನದು, ಹಿಂಬದಿಗೆ ಪಿವಿಸಿ. ಕೊಳೆತ ಎಲೆ, ಹಂಚಿನ ಪುಡಿ, ಪಾಚಿ ಸೇರಿ ಕಪ್ಪು ಗೊಬ್ಬರ ಆಗಿರುತ್ತದೆ. ಅದನ್ನು ಕರಣೆಯಲ್ಲಿ ಗೋರಿ ಬಕೆಟಿಗೆ ಹಾಕುತ್ತೇನೆ. ಕರಿಮೆಣಸಿನ ಬಳ್ಳಿಯ ಬುಡಕ್ಕೆ ಒಳ್ಳೆಯದು. ಪೈಪಿಗೆ ಮಾತ್ರ ತಳ್ಳಬೇಡಿ. ಪೈಪಿನ ಬೆಂಡಿನಲ್ಲಿ ಸಿಕ್ಕಿದರೆ ಬಿಚ್ಚಲೇಬೇಕಾಗುತ್ತದೆ.

ಆಮೇಲೆ ಎತ್ತರದ ತುದಿಯಿಂದ ಒಂದು ಬಕೆಟ್ ನೀರು ಹೊಯ್ದು ನೋಡುತ್ತೇನೆ. ನೀರು ನಡುವೆ ನಿಂತರೆ ಅಲ್ಲಿ ಕ್ಲ್ಯಾಂಪ್ ಜಗ್ಗಿದೆ ಅಂತ ಅರ್ಥ. ಹತ್ತು ಅಡಿಗೆ ಒಂದು ಇಂಚಿನಷ್ಟು ಇಳಿಜಾರು ಇಟ್ಟಿದ್ದೇನೆ, ನಮ್ಮ ಮಳೆಗೆ ಅಷ್ಟು ಬೇಕು. ನಿಂತ ನೀರಿನಲ್ಲಿ ಸೊಳ್ಳೆ ಮರಿ ಆಗುತ್ತದೆ, ಡೆಂಗಿ ಕಾಲದಲ್ಲಿ ಅದು ಸಣ್ಣ ವಿಷಯ ಅಲ್ಲ. ದಂಬೆಯ ಹೊರ ಅಂಚು ಗೋಡೆಯ ಬದಿಯ ಅಂಚಿಗಿಂತ ಸ್ವಲ್ಪ ತಗ್ಗಿರಲಿ. ಉಕ್ಕಿದರೂ ನೀರು ಅಂಗಳಕ್ಕೆ ಬೀಳಲಿ, ಗೋಡೆಗೆ ಬೇಡ.

ದಂಬೆಯ ಉದ್ದಕ್ಕೂ ಬಲೆ ಹಾಸುವುದು ನನಗೆ ಹಿಡಿಸಲಿಲ್ಲ. ಎಲೆ ಬಲೆಯ ಮೇಲೆ ಚಾಪೆಯಂತೆ ಕೂತು ನೀರು ಹಾರಿಹೋಗುತ್ತದೆ. ಅಕೇಶಿಯಾದ ಎಲೆ ಇದಕ್ಕೆ ಕುಖ್ಯಾತ. ದಪ್ಪ, ಬೇಗ ಕೊಳೆಯುವುದೂ ಇಲ್ಲ. ಅದರ ಬದಲು ಪೈಪಿನ ಬಾಯಿಗೆ ತಂತಿಯನ್ನು ಉಂಡೆಯಾಗಿ ಸುತ್ತಿ ಕೂರಿಸಿದ್ದೇನೆ. ಎಲೆ ಸುತ್ತ ನಿಂತರೂ ನೀರು ಉಂಡೆಯ ಮೇಲ್ಭಾಗದಿಂದ ಇಳಿಯುತ್ತದೆ. ಮಳೆಗಾಲದಲ್ಲಿ ಮಳೆ ಬಿಟ್ಟು ಹೊಳವಾದ ದಿನ ಏಣಿ ಇಟ್ಟು ಅದರ ಸುತ್ತಲಿನ ಎಲೆ ತೆಗೆದರೆ ಆಯಿತು. ಮಂಗಗಳು ಹಾರಿ ಹೋದ ಮರುದಿನವೂ ಹಂಚು ನೋಡುತ್ತೇನೆ.

ಮೊದಲ ಕೆಲವು ಮಳೆಯ ನೀರನ್ನು ಬಾವಿಗೆ ಬಿಡುವುದಿಲ್ಲ. ಪೈಪಿನ ಬೆಂಡನ್ನು ಅಂಟಿಸದೆ ಹಾಗೇ ಸಿಕ್ಕಿಸಿದ್ದೇನೆ, ತೋಟದ ಕಡೆ ತಿರುಗಿಸಿಟ್ಟರೆ ಉಜ್ಜಿದ ಧೂಳು, ಹಕ್ಕಿ ಹಿಕ್ಕೆ ಎಲ್ಲ ಆ ಕಡೆ ಹೋಗುತ್ತದೆ. ನೀರು ತಿಳಿಯಾಗಿ ಬರತೊಡಗಿದ ಮೇಲೆ ಬಾವಿಯ ಪಕ್ಕದ ಸೋಸುವ ಗುಂಡಿಗೆ ತಿರುಗಿಸುತ್ತೇನೆ.